ಕಲಬುರಗಿಯ ಬಿಸಿಲಲ್ಲಿ ಕಪ್ಪೆಮೀನಿನ ಉಪ್ಪುನೀರಿನ ತೊಟ್ಟಿ: ಕಟ್ಟಿದ್ದು, ಕೆಟ್ಟಿದ್ದು, ಸರಿಪಡಿಸಿದ್ದು

ಮೀನು ಮನೆಗೆ ಬರುವ ಮೊದಲಿನ ಒಂಬತ್ತು ವಾರ ನಾನು ಸಾಕಿದ್ದು ಬರಿಯ ಉಪ್ಪುನೀರನ್ನು. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವುದು ಯಾರಿಗೂ ಹೊಸ ಸುದ್ದಿಯಲ್ಲ. ನಮ್ಮ ನೆಲಮಹಡಿಯ ನಡುಮನೆಯಲ್ಲಿಯೂ ಆ ಹೊತ್ತಿಗೆ 37 ಇರುತ್ತದೆ. ಹವಳದ ದಿಬ್ಬಗಳ ನಡುವೆ ಬದುಕುವ ಮೀನಿಗೆ ಬೇಕಾದದ್ದು 25ರಿಂದ 27 ಡಿಗ್ರಿಯ ನೀರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರದ ಉಪ್ಪಿನಂಶವಿರುವ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 32 ಡಿಗ್ರಿಯಲ್ಲಿ 6ರ ಆಸುಪಾಸಿಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಉಸಿರಾಟ ಮಾತ್ರ ಏರುತ್ತದೆ. ನೀರನ್ನು ತಂಪುಗೊಳಿಸುವ ಚಿಲ್ಲರ್ ಯಂತ್ರದ ಬೆಲೆ ತೊಟ್ಟಿ, ಪಂಪು, ದೀಪ ಎಲ್ಲವನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾಗುತ್ತಿತ್ತು. ಅದಿಲ್ಲದೆ ಇಲ್ಲಿಯ ಒಣ ಗಾಳಿಯಿಂದಲೇ ಈ ಕೆಲಸ ಮಾಡಿಸಿಕೊಳ್ಳಬಹುದೇ ಎಂದು ನೋಡಲು ಹೊರಟ ಪ್ರಯೋಗದ ಟಿಪ್ಪಣಿಗಳು ಇವು.

ಮೊದಲು ನನ್ನ ಆಸೆ ಇದ್ದದ್ದು ಸಮುದ್ರಕುದುರೆಯ ಮೇಲೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸಮುದ್ರಕುದುರೆಗಳನ್ನು 2001ರಲ್ಲಿಯೇ ಸೇರಿಸಲಾಗಿದೆ. ಮನೆಯಲ್ಲಿ ಇಡುವ ಮಾತೇ ಇಲ್ಲ. ದಿಬ್ಬ ಕಟ್ಟುವ ಹವಳಕ್ಕೂ ಅದೇ ರಕ್ಷಣೆ ಇರುವುದರಿಂದ, ಬೇರೆ ದೇಶದವರು ತೊಟ್ಟಿಯ ಜೀವಾಳವೆಂದು ಹೇಳುವ ಹವಳದ ಕಲ್ಲನ್ನೂ ನಾನು ಪಟ್ಟಿಯಿಂದ ಹೊಡೆದುಹಾಕಿದೆ. ಕೊನೆಗೆ ಮನಸ್ಸು ನಿಂತದ್ದು ಕಪ್ಪೆಮೀನಿನ (ಇಂಗ್ಲಿಷಿನ ಫ್ರಾಗ್‌ಫಿಶ್) ಮೇಲೆ. ಆಂಟೆನೇರಿಯಸ್ ಪಿಕ್ಟಸ್ ಎಂಬ ಜಾತಿ; ಹಿಡಿಗಾತ್ರದ, ಗಂಟುಗಂಟಾದ, ಮೊದಲ ನೋಟಕ್ಕೆ ಮೀನೆಂದೇ ಅನಿಸದ ಜೀವಿ.

ಈ ಮೀನಿನ ಸ್ವಭಾವವೇ ತೊಟ್ಟಿಯ ನಕ್ಷೆಯನ್ನು ತೀರ್ಮಾನಿಸಿತು. ಅದು ಈಜುವುದಕ್ಕಿಂತ ಹೆಚ್ಚಾಗಿ ಮುಂಗೈಗಳಂತಿರುವ ಎದೆಯ ರೆಕ್ಕೆಗಳನ್ನು ಊರಿ ನಡೆಯುತ್ತದೆ, ಗಂಟೆಗಟ್ಟಲೆ ಒಂದೇ ಕಲ್ಲಿನ ಮೇಲೆ ಕೂರುತ್ತದೆ, ತಲೆಯ ಮೇಲಿನ ಬೆನ್ನುರೆಕ್ಕೆಯ ಮೊದಲ ಮುಳ್ಳು ಮಾರ್ಪಟ್ಟು ಆದ ಗಾಳದ ಕಡ್ಡಿಯನ್ನು ಆಡಿಸಿ ಬೇಟೆಯನ್ನು ತನ್ನ ಬಾಯಿಯ ಬಳಿಗೆ ಕರೆಯುತ್ತದೆ. ಬಾಯಿ ತೆರೆದು ನುಂಗುವುದಕ್ಕೆ ಅದಕ್ಕೆ ಬೇಕಾದ ಹೊತ್ತು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು ಆರು. ತನ್ನಷ್ಟೇ ಗಾತ್ರದ ಮೀನನ್ನೂ ನುಂಗಬಲ್ಲದ್ದರಿಂದ ಜೊತೆಗೆ ಬೇರೆ ಯಾವ ಮೀನನ್ನೂ ಇಡುವಂತಿಲ್ಲ. ಹಾಗಾಗಿ ದೊಡ್ಡ ತೊಟ್ಟಿ ಬೇಕಿರಲಿಲ್ಲ. ಆದರೆ ನೀರು ಹೆಚ್ಚಿದ್ದಷ್ಟೂ ಉಷ್ಣತೆ ಏರುಪೇರಾಗುವುದು ನಿಧಾನವಾಗುತ್ತದೆಂಬ ಒಂದೇ ಕಾರಣಕ್ಕೆ 90 ಸೆಂ.ಮೀ. ಉದ್ದ, 45 ಅಗಲ, 50 ಎತ್ತರವೆಂದು ಲೆಕ್ಕ ಹಾಕಿದೆ.

ಗಾಜು 10 ಮಿ.ಮೀ. ದಪ್ಪದ್ದು. ಫೆಬ್ರವರಿಯಲ್ಲಿ ಗಾಜಿನ ಅಂಗಡಿಯಲ್ಲಿ ಐದು ಹಲಗೆ ಕೊಯ್ಸಿ, ಅಂಚು ತೇಯಿಸಿ ತಂದೆ. ಸಿಲಿಕೋನ್ ವಿಷಯದಲ್ಲಿ ಎಡವಿದೆ: ಕೌಂಟರಿನವರು ಕೊಟ್ಟದ್ದು ಬಚ್ಚಲುಮನೆಗೆ ಬಳಸುವ, ಬೂಸ್ಟು ಹಿಡಿಯದ ಔಷಧಿ ಬೆರೆಸಿದ ಟ್ಯೂಬು. ಆ ಔಷಧಿ ನೀರಿಗೆ ಬಿಟ್ಟುಕೊಂಡರೆ ಮೀನಿಗೆ ವಿಷ. ನಾನು ಎರಡು ಹಲಗೆ ಅಂಟಿಸಿದ ಮೇಲೆ ಟ್ಯೂಬಿನ ಹಿಂಬದಿ ಓದಿದೆ. ಬ್ಲೇಡಿನಲ್ಲಿ ಎಲ್ಲವನ್ನೂ ಹೆರೆದು, ಸ್ಪಿರಿಟ್ಟಿನಿಂದ ಅಂಚು ಒರೆಸಿ, ಒಣಗುವಾಗ ವಿನೆಗರಿನ ವಾಸನೆ ಬರುವ ಸಾದಾ ಗಾಜಿನ ಸಿಲಿಕೋನಿನಿಂದ ಮತ್ತೆ ಕೂಡಿಸಿದೆ. ಹಳೆಯ ಸಿಲಿಕೋನಿನ ಒಂದು ಎಳೆ ಉಳಿದರೂ ಹೊಸದು ಅದರ ಮೇಲೆ ಹಿಡಿಯುವುದಿಲ್ಲ. ಏಳು ದಿನ ಒಣಗಿಸಿ ಅಂಗಳದಲ್ಲಿ ನೀರು ತುಂಬಿದಾಗ ಎಡಗಡೆಯ ಕೆಳಮೂಲೆಯಲ್ಲಿ, ಸೂಜಿಮೊನೆಯಷ್ಟು ಜಾಗದಿಂದ, ಹನಿ ಮೂಡಿದ್ದು ಸರಿಯಾಗಿ ಅಂಥ ಒಂದು ಎಳೆ ಉಳಿದಿದ್ದ ಕಡೆ. ಒಳಗಿನಿಂದ ಆ ಮೂಲೆಯನ್ನು ಪೂರ್ತಿ ಕಿತ್ತು ಹೊಸದಾಗಿ ತುಂಬಿದ ಮೇಲೆ ಮೂರು ದಿನ ನೀರು ನಿಲ್ಲಿಸಿದರೂ ಕೆಳಗಿಟ್ಟ ಹಳೆಯ ಪತ್ರಿಕೆ ಒದ್ದೆಯಾಗಲಿಲ್ಲ.

ತೊಟ್ಟಿಯ ಕೆಳಗೆ, ಕಬ್ಬಿಣದ ಆಂಗಲ್ಲಿನ ಸ್ಟ್ಯಾಂಡಿನೊಳಗೆ, ಸೋಸುವ ಕೆಳತೊಟ್ಟಿ ಇದೆ. ಅಕ್ವೇರಿಯಂ ಇಡುವವರು ಇದನ್ನು ಸಂಪ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸಂಪ್ ಎಂದರೆ ಅಂಗಳದ ನೆಲದಡಿಯ ನಳದ ನೀರಿನ ತೊಟ್ಟಿಯಾದ್ದರಿಂದ, 'ಸಂಪಿನಾಗ ಉಪ್ಪು ಹಾಕ್ತೀನಿ' ಎಂದು ನಾನು ಹೇಳಿದ ದಿನ ಅಡುಗೆಮನೆಯಿಂದ ದೊಡ್ಡ ಗದ್ದಲವೇ ಎದ್ದಿತು. ಆಮೇಲಿಂದ ಕೆಳತೊಟ್ಟಿ ಎಂದೇ ಕರೆಯುತ್ತೇವೆ. ಎರಡೂ ಸೇರಿ ನಿಜವಾಗಿ ತುಂಬುವ ನೀರು ಸುಮಾರು 200 ಲೀಟರ್.

ಹವಳದ ಕಲ್ಲಿನ ಬದಲಿಗೆ ಏನು ಎಂಬ ಪ್ರಶ್ನೆಗೆ ಉತ್ತರ ನನ್ನ ಕಾಲ ಕೆಳಗೇ ಇತ್ತು. ಈ ಭಾಗದ ಮನೆಗಳಿಗೆಲ್ಲ ಹಾಸುವ ಶಹಾಬಾದಿ ಫರಸಿ ಸುಣ್ಣದ ಕಲ್ಲು. ಭೀಮಾ ನದಿಯ ಸುತ್ತಲಿನ ನೆಲ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರವಾಗಿದ್ದಾಗ ಪದರಪದರವಾಗಿ ಕೂತದ್ದು. ಸಮುದ್ರದ ಕಲ್ಲನ್ನು ಸಮುದ್ರದ ನೀರಿಗೇ ಹಿಂದಿರುಗಿಸಿದಂತಾಯಿತು. ಗಣಿಯ ಬದಿಯಲ್ಲಿ ಬಿದ್ದಿದ್ದ ಒಡಕು ತುಂಡುಗಳನ್ನು ತಂದು, ಒಂದೊಂದರ ಮೇಲೂ ವಿನೆಗರ್ ಹನಿಸಿ ನೊರೆ ಏಳುವುದನ್ನು ನೋಡಿದೆ. ನೊರೆ ಬಂದರೆ ಸುಣ್ಣದ ಕಲ್ಲು. ತುಕ್ಕಿನ ಬಣ್ಣದ ಗೆರೆಯೋ ಹೊಳೆಯುವ ಲೋಹದ ಚುಕ್ಕಿಯೋ ಇದ್ದ ತುಂಡುಗಳನ್ನು ಎಸೆದೆ. ಉಳಿದವನ್ನು ತಿಂಗಳು ಕಾಲ ಶುದ್ಧ ನೀರಿನಲ್ಲಿ ನೆನೆಹಾಕಿ, ವಾರಕ್ಕೊಮ್ಮೆ ನೀರು ಬದಲಿಸಿದೆ. ಒಂದು ಕೊರತೆ ಇದೆ: ಈ ಕಲ್ಲು ಗಟ್ಟಿ, ಹವಳದ ಕಲ್ಲಿನಂತೆ ರಂಧ್ರಗಳಿಲ್ಲ, ಆದ್ದರಿಂದ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೆ ಅದರಲ್ಲಿ ಮನೆ ಕಡಿಮೆ. ಅದಕ್ಕಾಗಿ ಕೆಳತೊಟ್ಟಿಯಲ್ಲಿ ಎಂಟು ಕಿಲೋ ಸಿರಾಮಿಕ್ ಉಂಗುರ ತುಂಬಿದೆ. ಫರಸಿ ತುಂಡುಗಳನ್ನು ಮೆಟ್ಟಿಲಿನಂತೆ ಜೋಡಿಸಿ, ನಡುವೆ ಎರಡು ಗುಹೆ ಬಿಟ್ಟೆ. ಚೂಪಾದ ಅಂಚುಗಳನ್ನೆಲ್ಲ ಅರದಿಂದ ತೇಯ್ದದ್ದು ಕೈನೋವಿನ ಕೆಲಸ. ಆದರೆ ಕಪ್ಪೆಮೀನಿನ ಚರ್ಮಕ್ಕೆ ಮಾಮೂಲಿ ಹುರುಪೆಯ ರಕ್ಷಣೆ ಇಲ್ಲ.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಬೋರಿನ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಅಳತೆ, 900ರ ಮೇಲಿದೆ. ಅದನ್ನು ಮನೆಯ ಆರ್‌ಒ ಯಂತ್ರದಲ್ಲಿ ಹಾಯಿಸಿ, ಆಮೇಲೆ ಉಳಿದ ಲವಣಗಳನ್ನು ಹಿಡಿದಿಡುವ ರಾಳದ ಕೊಳವೆಯಲ್ಲಿ ಹಾಯಿಸಿ 2ಕ್ಕೆ ಇಳಿಸಿದೆ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಹೋಗುತ್ತದೆ; ನೀರಿಗೆ ಬರವಿರುವ ಊರಿನಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸಾಗದೆ ಡ್ರಮ್ಮಿನಲ್ಲಿ ಹಿಡಿದು ಅಂಗಳ ತೊಳೆಯಲು ಮತ್ತು ಪಾಯಖಾನೆಗೆ ಬಳಸುತ್ತಿದ್ದೇವೆ. ಅಕ್ವೇರಿಯಂಗಾಗಿಯೇ ತಯಾರಿಸಿದ ಉಪ್ಪು ಲೀಟರಿಗೆ ಸುಮಾರು 36 ಗ್ರಾಂನಂತೆ, ಒಟ್ಟು ಏಳು ಕಿಲೋಗಿಂತ ತುಸು ಹೆಚ್ಚು ಬೇಕಾಯಿತು. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಷಿಯಂ, ಬೈಕಾರ್ಬೊನೇಟ್ ಎಲ್ಲವೂ ಇವೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದಾಗ ನಿಲ್ಲಿಸಿದೆ.

ಇನ್ನು ಬಿಸಿಯ ಲೆಕ್ಕ. ಏಪ್ರಿಲ್ ನಡುವಿನಲ್ಲಿ ನೀರು ತುಂಬಿ, ಏನೂ ಮಾಡದೆ ಮೂರು ದಿನ ಬಿಟ್ಟಾಗ ಸಂಜೆಯ ಹೊತ್ತಿಗೆ ಉಷ್ಣತೆ 33.5 ಡಿಗ್ರಿ ತೋರಿಸಿತು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ; 200 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಇಳಿಸಲು ಬೇಕಾದದ್ದು ಸುಮಾರು 820. ಅಂದರೆ ಹೊರಗಿನಿಂದ ಬಿಸಿ ಒಳಬರದಿದ್ದರೆ ಒಂದು ಲೀಟರ್ ಆವಿಯಾದರೆ ಸಾಕು, ತೊಟ್ಟಿ ಮೂರು ಡಿಗ್ರಿ ತಣ್ಣಗಾಗುತ್ತದೆ. ಗಡಿಗೆಯ ನೀರು ತಂಪಾಗುವುದು ಇದೇ ದಾರಿಯಿಂದ. ನಮ್ಮ ಕಡೆ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಆದರೆ ಆವಿ ಎಷ್ಟೇ ಹೋದರೂ ನೀರು ಒಂದು ಮಿತಿಗಿಂತ ಕೆಳಗೆ ಇಳಿಯದು. ಆ ಮಿತಿಯನ್ನು ಅಳೆಯಲು ಶಾಲೆಯ ಪ್ರಯೋಗಶಾಲೆಯಲ್ಲಿ ಕಲಿತದ್ದನ್ನೇ ಮಾಡಿದೆ: ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಮುಂದೆ ಹಿಡಿದೆ. ಕೋಣೆಯ ಗಾಳಿ 37 ಡಿಗ್ರಿ ಇದ್ದರೂ ಒದ್ದೆ ಬುರುಡೆ 22ಕ್ಕೆ ಇಳಿಯಿತು. ಎರಡರ ನಡುವೆ 15 ಡಿಗ್ರಿ ಅಂತರವಿದೆಯೆಂದರೆ, 27ರ ನೀರು ಕೈಗೆಟುಕದ ಗುರಿಯಲ್ಲ. ಇದೇ ತೊಟ್ಟಿ ಮಂಗಳೂರಿನ ಕಡಲತೀರದ ತೇವದ ಗಾಳಿಯಲ್ಲಿ ಇದ್ದಿದ್ದರೆ ಈ ಉಪಾಯ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ.

ಕಂಪ್ಯೂಟರಿನ 12 ಸೆಂ.ಮೀ. ಅಗಲದ, 12 ವೋಲ್ಟಿನ ಎರಡು ಫ್ಯಾನುಗಳನ್ನು ತೊಟ್ಟಿಯ ಹಿಂದಿನ ಅಂಚಿಗೆ ಅಲ್ಯೂಮಿನಿಯಂ ಪಟ್ಟಿಯಲ್ಲಿ ಕೂರಿಸಿ, ನೀರಿನ ಮೇಲ್ಮೈಗೆ ಸ್ವಲ್ಪ ಓರೆಯಾಗಿ ಗಾಳಿ ಊದುವಂತೆ ತಿರುಗಿಸಿದೆ. ಎಸ್‌ಟಿಸಿ-1000 ಎಂಬ ಅಗ್ಗದ ಉಷ್ಣತಾ ನಿಯಂತ್ರಕಕ್ಕೆ ಎರಡು ರಿಲೇಗಳು, ಅಂದರೆ ತಾವೇ ಚಾಲೂ-ಬಂದ್ ಆಗುವ ಸ್ವಿಚ್ಚುಗಳು, ಇವೆ. ತಂಪಿನ ರಿಲೇಗೆ ಫ್ಯಾನಿನ ಅಡಾಪ್ಟರ್, ಬಿಸಿಯ ರಿಲೇಗೆ 100 ವ್ಯಾಟಿನ ಹೀಟರ್ ಜೋಡಿಸಿದೆ. ಡಿಸೆಂಬರಿನ ರಾತ್ರಿಗಳಲ್ಲಿ ಇಲ್ಲಿ ಹೀಟರೂ ಬೇಕೆಂಬುದನ್ನು ಬೇಸಿಗೆಯಲ್ಲಿ ಕೂತು ನೆನಪಿಟ್ಟುಕೊಳ್ಳುವುದು ಕಷ್ಟ. ಮೊದಲ ವಾರ ನೀರು 29ರ ಕೆಳಗೆ ಇಳಿಯಲೇ ಇಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ನೀರಿನೊಳಗೇ ಇದ್ದ ಪಂಪು. ಕೆಳತೊಟ್ಟಿಯಿಂದ ನೀರನ್ನು ಮೇಲೆತ್ತುವ ಪಂಪು 55 ವ್ಯಾಟ್, ಅಲೆ ಎಬ್ಬಿಸುವುದು 10. ಅವು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಕೊನೆಗೆ ನೀರಿನಲ್ಲಿಯೇ ಬಿಸಿಯಾಗಿ ಉಳಿಯುತ್ತದೆ. 65 ವ್ಯಾಟ್ ಎಂದರೆ ದಿನಕ್ಕೆ 5,616 ಕಿಲೋಜೂಲ್; ಆ ಬಿಸಿಯೊಂದನ್ನು ಹೊರಹಾಕಲೆಂದೇ ದಿನಕ್ಕೆ 2.3 ಲೀಟರ್ ನೀರು ಆವಿಯಾಗಬೇಕು. 18 ವ್ಯಾಟಿನ, 24 ವೋಲ್ಟ್ ಡಿಸಿ ಪಂಪು ಹಾಗೂ 5 ವ್ಯಾಟಿನ ಸಣ್ಣ ಅಲೆಯಂತ್ರಕ್ಕೆ ಬದಲಾಯಿಸಿದ ಮೇಲೆ ಆ ಲೆಕ್ಕ 0.8 ಲೀಟರಿಗೆ ಇಳಿಯಿತು, ನೀರು 27.2ರಲ್ಲಿ ನಿಂತಿತು. ಕಪ್ಪೆಮೀನಿಗೆ ಜೋರು ಹರಿವು ಹೇಗೂ ಆಗದು.

ಮೇ ತಿಂಗಳ ಎರಡನೆಯ ವಾರ ಒಂದು ಸಂಜೆ ಮತ್ತೆ 29.8 ತೋರಿಸಿತು. ಫ್ಯಾನು, ಪಂಪು, ನಿಯಂತ್ರಕ ಎಲ್ಲವನ್ನೂ ಬಿಚ್ಚಿ ನೋಡಿದರೂ ದೋಷವಿರಲಿಲ್ಲ. ದೋಷ ಇದ್ದದ್ದು ಕೋಣೆಯಲ್ಲಿ: ಕೂಲರ್ ಓಡುತ್ತಿತ್ತು, ಕಿಟಕಿ ಮುಚ್ಚಿತ್ತು. ಹೊರಗಿನ ಬಿಸಿ ಒಳಗೆ ಬಾರದಿರಲೆಂದು ಅವ್ವ ಮುಚ್ಚಿದ್ದರು, ಅದು ಸಹಜವೂ ಹೌದು. ಕೂಲರ್ ಗಾಳಿಯನ್ನು ತಂಪು ಮಾಡುವುದು ಅದಕ್ಕೆ ನೀರಿನಾವಿ ತುಂಬುವ ಮೂಲಕ. ಹೊರಗಿನ ಹೊಸ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಹೋಗುತ್ತಿದ್ದರೆ ಒದ್ದೆ ಬುರುಡೆಯ ಅಂಕಿ ಬದಲಾಗುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಸುತ್ತಿಸುತ್ತಿ ತೇವ ಏರುತ್ತದೆ. ಮತ್ತೆ ಒದ್ದೆ ಬಟ್ಟೆಯ ಥರ್ಮಾಮೀಟರ್ ಹಿಡಿದಾಗ 27 ತೋರಿಸಿತು. ಮೈಗೆ ಕೋಣೆ ತಂಪಾಗಿತ್ತು, ತೊಟ್ಟಿಗೆ ಮಾತ್ರ ಉಸಿರು ಕಟ್ಟಿತ್ತು.

'ತಮ್ಮಾ, ಖಿಡಕಿ ತೆರದಿಟ್ರ ಬಿಸಿಗಾಳಿ ಎಲ್ಲಾ ಒಳಗ ಬರ್ತದ' ಎಂದರು ಅವ್ವ.

'ಕೂಲರಿನ ಗಾಳಿಗಿ ಹೊರಗ ಹೋಗ್ಲಿಕ್ಕ ಹಾದಿ ಬೇಕಲ್ಲಬೇ' ಎಂದು ಹೇಳಿ, ಕೂಲರಿನ ಎದುರಿನ ಕಿಟಕಿಯ ಒಂದು ಕದವನ್ನು ನಾಲ್ಕು ಬೆರಳು ತೆರೆದಿಟ್ಟೆ. ಎರಡು ಗಂಟೆಯಲ್ಲಿ ನೀರು ಇಳಿಯತೊಡಗಿತು, ಕೋಣೆಯ ಜಿಗಿಜಿಗಿಯೂ ಹೋಯಿತು. ಅಂದಿನಿಂದ ಆ ಕದಕ್ಕೆ ಮರದ ಬೆಣೆಯೊಂದನ್ನು ಬಡಿದಿದ್ದೇನೆ, ಯಾರೂ ಪೂರ್ತಿ ಮುಚ್ಚಲಾಗದಂತೆ. ಇಡೀ ಯೋಜನೆಯಲ್ಲಿ ಅತಿ ಅಗ್ಗದ ರಿಪೇರಿ ಅದು.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಮೇ ತಿಂಗಳಲ್ಲಿ ದಿನಕ್ಕೆ ಐದು ಲೀಟರ್ ಹೋಗುತ್ತಿದ್ದುದರಿಂದ ಎರಡು ದಿನ ಮರೆತರೂ ಉಪ್ಪಿನಂಶ ಏರುತ್ತದೆ. ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಕೂಲರಿನಲ್ಲಿ ಬಳಸುವಂಥದೇ, ಆದರೆ ಲೋಹವಿಲ್ಲದ ಪ್ಲಾಸ್ಟಿಕ್ಕಿನ ಸಣ್ಣ ತೇಲುಗುಂಡಿನ ವಾಲ್ವನ್ನು ಕೆಳತೊಟ್ಟಿಗೆ ಕೂರಿಸಿ, ಮೇಲಿನ ಗೂಡಿನಲ್ಲಿಟ್ಟ ಕ್ಯಾನಿನಿಂದ ಕೊಳವೆ ಇಳಿಸಿದೆ. ಹಿತ್ತಾಳೆಯ ವಾಲ್ವು ಬೇಡ. ತಾಮ್ರ ಉಪ್ಪುನೀರಿಗೆ ಇಳಿಯುತ್ತದೆ. ಕ್ಯಾನು 20 ಲೀಟರಿನದಷ್ಟೇ ಇರಲಿ ಎಂದು ಬೇಕೆಂದೇ ತೀರ್ಮಾನಿಸಿದೆ: ವಾಲ್ವು ಉಪ್ಪು ಹಿಡಿದು ಕಚ್ಚಿಕೊಂಡು ಕ್ಯಾನು ಪೂರ್ತಿ ಖಾಲಿಯಾದರೂ ಉಪ್ಪಿನಂಶ ಸಾವಿರಕ್ಕೆ ಸುಮಾರು 33ರಿಂದ 30ಕ್ಕೆ ಇಳಿಯಬಹುದೇ ಹೊರತು ಮೀನು ಸಾಯುವಷ್ಟಲ್ಲ.

ಈ ನಡುವೆಯೇ ಬ್ಯಾಕ್ಟೀರಿಯಾ ಬೆಳೆಸುವ ಕೆಲಸವೂ ನಡೆಯಿತು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ ಎರಡು ಭಾಗ) ಏರಿಸುವುದು, ಅದು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗುವವರೆಗೆ ಕಾಯುವುದು. ಐದನೆಯ ವಾರ ಒಂದೇ ದಿನದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವು.

ಜೂನ್ ನಡುವಿನಲ್ಲಿ, ಮೊದಲ ಮಳೆಗಳು ಬಿದ್ದ ಮೇಲೆ, ಚೆನ್ನೈನ ಕೊಳತ್ತೂರಿನ ಅಲಂಕಾರಿಕ ಮೀನುಪೇಟೆಗೆ ಹೋಗಿ ಬಂದೆ. ಚೆನ್ನೈ–ಮುಂಬೈ ಮಾರ್ಗ ವಾಡಿಯ ಮೇಲೆ ಕಲಬುರಗಿಗೇ ಬರುವುದರಿಂದ ಗಾಡಿ ಬದಲಿಸುವ ತಾಪತ್ರಯವಿಲ್ಲ. ಆಮ್ಲಜನಕ ತುಂಬಿದ ಎರಡು ಪದರದ ಚೀಲ, ಅದರ ಸುತ್ತ ಥರ್ಮೋಕೋಲ್ ಪೆಟ್ಟಿಗೆ, ಏಳು ಸೆಂ.ಮೀ. ಉದ್ದದ ಹಳದಿ ಮೀನು ರಾತ್ರಿಯಿಡೀ ನನ್ನ ಬರ್ತಿನ ಕೆಳಗೆ ಕದಲದೆ ಕೂತಿತ್ತು. ಹೊರಡುವ ಎರಡು ದಿನ ಮೊದಲೇ ಅದಕ್ಕೆ ಆಹಾರ ನಿಲ್ಲಿಸುವಂತೆ ಫೋನಿನಲ್ಲಿ ಹೇಳಿಟ್ಟಿದ್ದೆ; ಹೊಟ್ಟೆ ತುಂಬಿದ ಕಪ್ಪೆಮೀನು ದಾರಿಯಲ್ಲಿ ಕಕ್ಕಿದರೆ ಚೀಲದ ನೀರೆಲ್ಲ ವಿಷವಾಗುತ್ತದೆ.

ಚೀಲ ತೆರೆದ ಮೇಲೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುತ್ತ ಕೂರುವುದು ತಪ್ಪು. ದೀರ್ಘ ಪ್ರಯಾಣದಲ್ಲಿ ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಆ ಕಾರಣಕ್ಕೇ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ತೆರೆದೊಡನೆ ಅನಿಲ ಹೊರಹೋಗಿ ಪಿಎಚ್ ಏರಿ, ಅದೇ ಅಮೋನಿಯಾ ವಿಷವಾಗಿ ತಿರುಗುತ್ತದೆ. ಹಾಗಾಗಿ ಚೀಲದ ನೀರಿನ ಉಪ್ಪಿನಂಶವನ್ನು ಮೊದಲೇ ಕೇಳಿಕೊಂಡು, ಪ್ರತ್ಯೇಕವಾಗಿಡುವ 30 ಲೀಟರಿನ ತೊಟ್ಟಿಯಲ್ಲಿ ಅಷ್ಟೇ ಉಪ್ಪಿನ ನೀರು ಸಿದ್ಧಮಾಡಿಟ್ಟಿದ್ದೆ. ಮುಚ್ಚಿದ ಚೀಲವನ್ನು ಅದರಲ್ಲಿ ಇಪ್ಪತ್ತು ನಿಮಿಷ ತೇಲಿಸಿ, ತೆರೆದೊಡನೆ ಮೀನನ್ನು ದಾಟಿಸಿದೆ. ಬಲೆ ಬಳಸಲಿಲ್ಲ. ಕಪ್ಪೆಮೀನನ್ನು ನೀರಿನಿಂದ ಮೇಲೆತ್ತಿದರೆ ಗಾಳಿ ನುಂಗುತ್ತದೆ, ಆ ಗಾಳಿ ಹೊಟ್ಟೆಯಲ್ಲಿ ಸಿಕ್ಕಿಬಿದ್ದರೆ ತಲೆಕೆಳಗಾಗಿ ತೇಲುತ್ತದೆ. ಅಗಲ ಬಾಯಿಯ ಡಬ್ಬಿಯೊಂದನ್ನು ನೀರೊಳಗೇ ಅದರ ಕೆಳಗೆ ಸರಿಸಿ, ನೀರಿನ ಸಮೇತ ದಾಟಿಸಿದೆ. ಒಂದು ತಿಂಗಳ ನಂತರ ದೊಡ್ಡ ತೊಟ್ಟಿಗೆ ಬಿಟ್ಟದ್ದೂ ಹಾಗೆಯೇ.

ಮೊದಲ ಹನ್ನೊಂದು ದಿನ ಏನೂ ತಿನ್ನಲಿಲ್ಲ. ಹನ್ನೆರಡನೆಯ ದಿನ, ಸಮುದ್ರದ ಸಿಗಡಿಯ ಉಗುರಗಲದ ತುಂಡನ್ನು ಪಾರದರ್ಶಕ ಅಕ್ರಿಲಿಕ್ ಕಡ್ಡಿಯ ತುದಿಗೆ ಚುಚ್ಚಿ, ಅದರ ಮುಂದೆ ಒಂದು ಗೇಣು ದೂರದಲ್ಲಿ ಸಣ್ಣಗೆ ನಡುಗಿಸಿದೆ. ಮೊದಲು ಕಣ್ಣು ತಿರುಗಿತು, ದೇಹವಲ್ಲ. ಆಮೇಲೆ ಬಲಗೈ ಎತ್ತಿ ಇಟ್ಟಿತು, ಎಡಗೈ ಎತ್ತಿ ಇಟ್ಟಿತು. ಮೊಣಕೈಯಂಥ ಬಾಗಿನ ಹಿಂದಿರುವ ಸಾಸಿವೆ ಕಾಳಿನಷ್ಟು ರಂಧ್ರದಿಂದ, ಅದೇ ಅದರ ಕಿವಿರಿನ ಬಾಯಿ, ನೀರು ಹೊರಚಿಮ್ಮಿ ಮರಳಿನ ಎರಡು ಕಣ ಹಾರಿದವು. ಸಿಗಡಿ ಮಾಯವಾದದ್ದು ಕಾಣಲಿಲ್ಲ. ಕಡ್ಡಿಯ ತುದಿ ಬರಿದಾಗಿದ್ದದ್ದು ಕಂಡಿತು. ಹಿಂದೆ ನಿಂತಿದ್ದ ಅವ್ವ ತುಸು ಹೊತ್ತು ಸುಮ್ಮನಿದ್ದು, 'ಇಷ್ಟ ದಿನ ನಾ ಇದಕ್ಕ ಫರಸಿ ತುಂಡ ಅಂದಕೊಂಡಿದ್ನಲ್ಲ' ಎಂದರು.

ಈಗ ವಾರಕ್ಕೆ ಮೂರು ಸಲ, ಪ್ರತಿ ಸಲ ಅದರ ಕಣ್ಣಿನ ಎರಡರಷ್ಟು ಗಾತ್ರದ ತುಂಡು. ಹೆಚ್ಚು ಕೊಟ್ಟರೆ ನುಂಗುತ್ತದೆ, ಬೇಡವೆನ್ನುವ ಬುದ್ಧಿ ಅದಕ್ಕಿಲ್ಲ. ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆತರೆ ಮೀನು ಉಳಿಯುವುದಿಲ್ಲ. ಭೀಮೆಯ ಸಣ್ಣ ಮೀನು ಇಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಕೊಡುವ ಆಸೆಯಾಯಿತು, ಆದರೆ ಸಿಹಿನೀರಿನ ಮೀನಿನ ಕೊಬ್ಬು ಸಮುದ್ರದ ಮೀನಿಗೆ ಹೊಂದುವುದಿಲ್ಲವಾದ್ದರಿಂದ ಹೆಪ್ಪುಗಟ್ಟಿಸಿದ ಸಮುದ್ರದ ಸಿಗಡಿಯನ್ನೇ ತರಿಸುತ್ತಿದ್ದೇನೆ. ಕಪ್ಪೆಮೀನು ಸುತ್ತಲಿನ ಬಣ್ಣಕ್ಕೆ ತಕ್ಕಂತೆ ವಾರಗಳಲ್ಲಿ ಬಣ್ಣ ಬದಲಿಸುತ್ತದೆ. ನನ್ನದು ಆಗಸ್ಟಿನ ಹೊತ್ತಿಗೆ ಹಳದಿ ಬಿಟ್ಟು ಶಹಾಬಾದಿ ಕಲ್ಲಿನ ನೀಲಿಬೂದಿಗೆ ತಿರುಗಿತ್ತು. ಬೆಳಿಗ್ಗೆ ದೀಪ ಹಾಕಿದಾಗ ಅದನ್ನು ಹುಡುಕಲು ನನಗೇ ಎರಡು ನಿಮಿಷ ಬೇಕಾಗುತ್ತದೆ.

ಕೆಟ್ಟದ್ದು ಎರಡು. ಕರೆಂಟು ಹೋದಾಗ ಮೇಲಿನ ತೊಟ್ಟಿಯ ನೀರು ಪಂಪಿನ ಕೊಳವೆಯ ಮೂಲಕ ಹಿಂದಕ್ಕೆ ಹರಿಯದಂತೆ, ನೀರಿನ ಮಟ್ಟದ ತುಸು ಕೆಳಗೆ ಗಾಳಿ ಎಳೆದುಕೊಳ್ಳುವ ಒಂದು ತೂತು ಇಟ್ಟಿದ್ದೆ. ಎರಡು ಸೆಂ.ಮೀ. ಮಟ್ಟ ಇಳಿದರೆ ಎಂಟು ಲೀಟರ್. ಅಷ್ಟಕ್ಕೆ ಕೆಳತೊಟ್ಟಿಯಲ್ಲಿ ಜಾಗವಿತ್ತು. ಸೆಪ್ಟೆಂಬರಿನಲ್ಲಿ ಆ ತೂತಿಗೆ ಪಾಚಿ ಕಟ್ಟಿ, ರಾತ್ರಿ ಎರಡು ಗಂಟೆಗೆ ಇನ್ವರ್ಟರೂ ಕೈಕೊಟ್ಟು, ಸುಮಾರು ಮೂವತ್ತು ಲೀಟರ್ ನೀರು ನಡುಮನೆಯ ಫರಸಿಯ ಮೇಲೆ ಹರಿಯಿತು. ಒಣಗಿದ ಮೇಲೆ ನೆಲದ ಮೇಲೆ ಎದ್ದ ಬಿಳಿ ಉಪ್ಪಿನ ಪದರ ನಾಲ್ಕು ಸಲ ಒರೆಸಿದರೂ ಸಂದುಗಳಿಂದ ಮತ್ತೆ ಮೂಡುತ್ತಿತ್ತು. ಈಗ 6 ಮಿ.ಮೀ. ಅಗಲದ ಎರಡು ತೂತುಗಳಿವೆ, ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಬ್ಯಾಟರಿಯಲ್ಲಿ ತಾನೇ ಚಾಲೂ ಆಗುವ ಗಾಳಿಪಂಪೊಂದನ್ನೂ ಬೇರೆಯಾಗಿ ನೇತುಹಾಕಿದ್ದೇನೆ.

ಎರಡನೆಯದು ಫ್ಯಾನು. ನಾಲ್ಕು ತಿಂಗಳಿಗೆ ಒಂದು ನಿಂತಿತು. ಬಿಚ್ಚಿದರೆ ತಂತಿಯ ಜೋಡಣೆಯಲ್ಲಿ ಹಸಿರು ಕಿಲುಬು, ಒಳಗೆ ಉಪ್ಪಿನ ಪುಡಿ. ಕಿಲುಬು ಹೆರೆದು, ಹೊಸ ತಂತಿ ಬೆಸೆದು, ಬೆಸುಗೆಯ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಏರಿಸಿ, ಅದರ ಎರಡೂ ತುದಿಗೆ ಉಳಿದಿದ್ದ ಸಿಲಿಕೋನ್ ಹಚ್ಚಿದೆ. ಜೊತೆಗೆ ಫ್ಯಾನುಗಳನ್ನು ನೀರಿನಿಂದ ಇನ್ನೂ ಆರು ಸೆಂ.ಮೀ. ಮೇಲಕ್ಕೆ ಎತ್ತಿದೆ, ಉಷ್ಣತೆಯಲ್ಲಿ ಆದ ವ್ಯತ್ಯಾಸ 0.3 ಡಿಗ್ರಿ ಮಾತ್ರ.

ನಿನ್ನೆ ರಾತ್ರಿ ಹತ್ತಕ್ಕೆ ಬರೆದುಕೊಂಡ ಅಂಕಿಗಳು: ನೀರು 26.1, ಸಾಂದ್ರತೆ 1.025, ಪಿಎಚ್ 8.1, ನೈಟ್ರೇಟ್ 15, ದಿನದ ಆವಿ 1.8 ಲೀಟರ್. ಮಾರ್ಚಿಗೆ ಮುನ್ನ ಎರಡು ಹೊಸ ಫ್ಯಾನು ತಂದಿಡಬೇಕು, ಮತ್ತು ಕೂಲರಿನ ಹಳೆಯ ಹುಲ್ಲು ಬದಲಿಸುವಾಗ ಕಿಟಕಿಯ ಬೆಣೆಯನ್ನು ಯಾರಾದರೂ ಕಿತ್ತರೇ ಎಂದು ನೋಡಬೇಕು.